ಡಿಮ್‌ನಲ್ಲಿದ್ದರೂ ಎದುರಿನವರು ಲೈಟ್ ಹೊಡೆಯುತ್ತಾರೆ, ಯಾಕೆ?

ಹಾಸನದವ:
ಮೊನ್ನೆ ರಾತ್ರಿ ಮಂಗಳೂರಿಗೆ ಹೊರಟಿದ್ದೆ. ಹಿಂದಿನ ಸೀಟಲ್ಲಿ ಅಪ್ಪ, ಅಮ್ಮ, ಅಕ್ಕ. ಡಿಕ್ಕಿಯಲ್ಲಿ ಎರಡು ಮೂಟೆ ಆಲೂಗಡ್ಡೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಎದುರು ಬಂದ ಲಾರಿಯವರೆಲ್ಲ ಲೈಟ್ ಹೊಡೆದು ಬೈದುಕೊಂಡೇ ಹೋದರು. ದೇವರಾಣೆ, ನಾನು ಡಿಮ್‌ನಲ್ಲೇ ಇದ್ದೆ. ಮೀಟರ್‌ನಲ್ಲಿ ಹೈ ಬೀಮ್‌ನ ನೀಲಿ ದೀಪ ಇರಲಿಲ್ಲ. ಹೋದ ತಿಂಗಳು ಬಲ್ಬ್ ನಾನೇ ಬದಲಾಯಿಸಿದ್ದೆ. ಮೊದಲಿನ ಥರದ್ದೇ, ಎಚ್4 (ಹೈಗೊಂದು, ಡಿಮ್‌ಗೊಂದು ತಂತಿ ಇರುವ ಬಲ್ಬ್), 60/55 ವ್ಯಾಟ್.

ಹಳೇ ಡ್ರೈವರ್:
ಆಲೂಗಡ್ಡೆಯೇ ಅರ್ಧ ಉತ್ತರ. ಹಿಂದೆ ಭಾರ ಬಿದ್ದರೆ ಗಾಡಿ ಮೂತಿ ಮೇಲೇಳುತ್ತದೆ, ಬೆಳಕು ಲಾರಿಯವನ ಮುಖಕ್ಕೆ. ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗೆ ಬರೆದ ಸಣ್ಣ ಚಕ್ರ ಇದೆಯಾ ನೋಡಿ. 3 ಅಂದ್ರೆ ಜಾಸ್ತಿ ಬೆಳಕು ಅಂತ ನಾಲ್ಕು ವರ್ಷ ನಂಬಿದ್ದೆ ನಾನು! ಅದು ಬೆಳಕು ಬೀಳುವ ದಿಕ್ಕನ್ನು ಕೆಳಕ್ಕೆ ಇಳಿಸುವ ಚಕ್ರ.

ಆಮೇಲೆ ಗೋಡೆ ನೋಡಿ. ಡಿಕ್ಕಿ ಖಾಲಿ ಮಾಡಿ, ಟೈರಿಗೆ ಗಾಳಿ ಸರಿ ಇಟ್ಟು, ಸಮ ನೆಲದಲ್ಲಿ 10 ಮೀಟರ್ ದೂರ ನಿಲ್ಲಿಸಿ. ಚಕ್ರ 0ಯಲ್ಲಿರಲಿ, ಸೀಟಲ್ಲಿ ಒಬ್ಬರು ಕೂತಿರಲಿ. ಲೈಟಿನ ನಡುವಿನ ಎತ್ತರಕ್ಕೆ ಗೋಡೆ ಮೇಲೆ ಗೆರೆ ಎಳೆಯಿರಿ. ಡಿಮ್ ಬೆಳಕಿನ ಮೇಲಂಚು ಅದಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬೀಳಬೇಕು.

ವೈರಿಂಗ್ ಅಂಗಡಿ:
ಬಲ್ಬನ್ನೂ ಬಿಚ್ಚಿ ನೋಡಿ ಸಾರ್. ಎಚ್4ಗೆ ಬುಡದ ಸುತ್ತ ಚಾಚಿದ ಮೂರು ಕಿವಿ ಇರುತ್ತವೆ. ಒಳಗೆ ಡಿಮ್ ತಂತಿಯ ಕೆಳಗೆ ಚಮಚದ ಹಾಗೆ ಪುಟ್ಟ ತಗಡು. ಮೇಲಕ್ಕೆ ಚಿಮ್ಮುವ ಬೆಳಕನ್ನು ತಡೆಯೋದೇ ಅದು. ಕಿವಿ ಹೋಲ್ಡರಿನ ಕಚ್ಚಿನಲ್ಲಿ ಕೂರದಿದ್ದರೆ ತಗಡೂ ವಾಲುತ್ತದೆ. ನಮ್ಮಲ್ಲಿ ಗೋಡೆ ಮೇಲೆ ಅಂಚು ಎಡಕ್ಕೆ ಸ್ವಲ್ಪ ಏರಬೇಕು, ಬಲಕ್ಕಲ್ಲ. ಅದೇ ಹೋಲ್ಡರಿಗೆ ಎಲ್‌ಇಡಿ ತುರುಕಿಸಿಕೊಂಡು ಬರುವವರೂ ಇದ್ದಾರೆ, ಅವರಿಗೆ ಏನು ಹೇಳೋಣ.

ಹಾಸನದವ:
ಸಿಕ್ಕಿತು! ಬಲಗಡೆ ಬಲ್ಬಿನ ಒಂದು ಕಿವಿ ಹೊರಗೇ ಇತ್ತು, ಮೇಲೆ ಕ್ಲಿಪ್ ಸುಮ್ನೆ ಒತ್ತಿಬಿಟ್ಟಿದ್ದೆ. ಕೂರಿಸಿದ ಮೇಲೆ ಅಂಚು 11 ಸೆಂ.ಮೀ. ಕೆಳಗೆ ಬಂತು, ಲೈಟ್ ಹೊಂದಿಸುವ ಸ್ಕ್ರೂ ಮುಟ್ಟಲೇ ಇಲ್ಲ. ಎಲ್ಲರೂ ಕೂತು ಮೂಟೆಯೂ ಇದ್ದರೆ ಚಕ್ರ 3ಕ್ಕೆ ತಾನೇ?

ಹಳೇ ಡ್ರೈವರ್:
ಗಾಡಿಯಿಂದ ಗಾಡಿಗೆ ಬೇರೆ, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ನನ್ನದರಲ್ಲಿ ಎಲ್ಲರೂ ಕೂತು ಸಾಮಾನೂ ಇದ್ದರೆ 2. ಡ್ರೈವರ್ ಒಬ್ಬನೇ, ಡಿಕ್ಕಿ ತುಂಬ ಮೂಟೆ ಅಂದ್ರೆ 3. ಮುಂದೆ ತೂಕ ಇಲ್ಲವಲ್ಲ! ಘಾಟಿಯಲ್ಲಿ ಮಂಜು ಸಿಕ್ಕರೆ ಹೈ ಬೀಮ್ ಬೇಡ, ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತದೆ.