ಮೊಟ್ಟೆಯ ಪ್ರಯೋಗಗಳು: ಮಾಡಿಸಿದವರು ಅನುಭವ ತಿಳಿಸಿ

ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳಿಗೆ ರಜೆಯಲ್ಲಿ ಮೊಟ್ಟೆ ಬಳಸಿ ಕೆಲವು ವಿಜ್ಞಾನ ಪ್ರಯೋಗಗಳನ್ನು ಮಾಡಿಸಬೇಕೆಂದಿದ್ದೇನೆ. ಅಡುಗೆಮನೆಯ ಸಾಮಗ್ರಿಯಲ್ಲೇ ಆಗುವಂಥವು ಬೇಕು. ನೋಡಿ ಬೆರಗಾಗಿ ಅಷ್ಟಕ್ಕೇ ಮರೆತುಬಿಡದೆ, ಹಾಗೇಕಾಯಿತು ಎಂದು ಅವರೇ ಯೋಚಿಸುವಂತಿದ್ದರೆ ಒಳ್ಳೆಯದು. ಮಾಡಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1

ವಿನಿಗರ್‌ನಲ್ಲಿ ಚಿಪ್ಪು ಕರಗಿಸುವ ಪ್ರಯೋಗ ಎಲ್ಲರಿಗೂ ಗೊತ್ತು, ಆದರೆ ಬಹಳ ಮಂದಿ ಅದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಹಸಿ ಮೊಟ್ಟೆಯನ್ನು ಮೊದಲು ತೂಗಿ ಬರೆದಿಟ್ಟುಕೊಳ್ಳಿ. ಅನಂತರ ಗಾಜಿನ ಲೋಟದಲ್ಲಿಟ್ಟು ಮುಳುಗುವಷ್ಟು ಬಿಳಿ ವಿನಿಗರ್ ಸುರಿದರೆ ಸ್ವಲ್ಪ ಹೊತ್ತಿನಲ್ಲೇ ಚಿಪ್ಪಿನ ಮೈಮೇಲೆಲ್ಲ ಸಣ್ಣ ಗುಳ್ಳೆಗಳು ಕೂರುತ್ತವೆ. ಚಿಪ್ಪಿನ ಸುಮಾರು 95% ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲ ಅದರೊಂದಿಗೆ ವರ್ತಿಸಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡೇ ಆ ಗುಳ್ಳೆಗಳು. ಮರುದಿನ ವಿನಿಗರ್ ಬದಲಿಸಿ ಇನ್ನೊಂದು ದಿನ ಬಿಟ್ಟು, ನಲ್ಲಿಯ ಕೆಳಗೆ ಮೆಲ್ಲಗೆ ಉಜ್ಜಿದರೆ ಉಳಿದ ಬಿಳಿಪುಡಿಯೂ ಹೋಗಿ, ತೆಳುಪೊರೆಯೊಂದರಲ್ಲೇ ನಿಂತ ಮೊಟ್ಟೆ ಕೈಗೆ ಬರುತ್ತದೆ. ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ಒಳಗಿನ ಹಳದಿ ಭಾಗ ಓಲಾಡುವುದು ಕಾಣುತ್ತದೆ.

ಇಲ್ಲಿ ಮತ್ತೆ ತೂಗಿ. ಚಿಪ್ಪು ಕಳೆದುಹೋದರೂ ತೂಕ ಮೊದಲಿಗಿಂತ ಹೆಚ್ಚಾಗಿರುತ್ತದೆ! ವಿನಿಗರ್‌ನ ಬಹುಪಾಲು ನೀರೇ ಆದ್ದರಿಂದ ಅದು ಪೊರೆಯ ಮೂಲಕ ಒಳಗೆ ಸೇರಿರುತ್ತದೆ. ಕಾರಣವನ್ನು ಕೂಡಲೇ ಹೇಳಿಬಿಡಬೇಡಿ. ಮೊಟ್ಟೆಯನ್ನು ಒಂದು ರಾತ್ರಿ ಗಟ್ಟಿ ಸಕ್ಕರೆ ಪಾಕದಲ್ಲಿಡಿ. ಬೆಳಗ್ಗೆ ಅದು ಸುಕ್ಕುಗಟ್ಟಿ, ಬತ್ತಿ, ಜೋತು ಬಿದ್ದಿರುತ್ತದೆ, ಮತ್ತು ಪಾಕದ ಮೇಲ್ಭಾಗದಲ್ಲಿ ಮೊಟ್ಟೆಯಿಂದ ಹೊರಬಂದ ನೀರು ತೆಳ್ಳನೆಯ ಪದರವಾಗಿ ನಿಂತಿರುವುದನ್ನು ಕೂಡ ಗಮನವಿಟ್ಟು ನೋಡಿದರೆ ಗುರುತಿಸಬಹುದು. ಅದನ್ನೇ ತೊಳೆದು ಬಣ್ಣ ಹಾಕಿದ ನೀರಿಗೆ ಬಿಟ್ಟರೆ ಪುನಃ ಉಬ್ಬುತ್ತದೆ. ಪೊರೆ ನೀರಿನ ಅಣುಗಳನ್ನು ಸುಲಭವಾಗಿ ದಾಟಿಸುತ್ತದೆ, ಒಳಗಿನ ದೊಡ್ಡ ಪ್ರೋಟೀನ್ ಅಣುಗಳನ್ನು ದಾಟಿಸುವುದಿಲ್ಲ. ಪಠ್ಯದಲ್ಲಿ ಅಭಿಸರಣೆ ಎಂದು ಓದುವುದು ಇದನ್ನೇ. ಪ್ರತಿ ಹಂತಕ್ಕೆ ಮುನ್ನ ತೂಕ ಏರುತ್ತದೆಯೋ ಇಳಿಯುತ್ತದೆಯೋ ಎಂದು ಮಕ್ಕಳಿಂದಲೇ ಬರೆಸಿಟ್ಟರೆ ಹನ್ನೊಂದರ ವಯಸ್ಸಿನವರಿಗೆ ಈ ಒಂದೇ ಮೊಟ್ಟೆ ನಾಲ್ಕೈದು ದಿನಕ್ಕೆ ಸಾಕು.

ಉತ್ತರ 2

ಚಿಕ್ಕ ಮಗುವಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರದು. ತೇಲುವ ಮೊಟ್ಟೆಯಿಂದ ಶುರುಮಾಡಿ. ತಾಜಾ ಮೊಟ್ಟೆ ನೀರಿಗಿಂತ ಸ್ವಲ್ಪವೇ ಹೆಚ್ಚು ಸಾಂದ್ರವಾದ್ದರಿಂದ ಬರಿಯ ನೀರಿನಲ್ಲಿ ಮುಳುಗುತ್ತದೆ; ಒಂದು ಲೋಟ ನೀರಿಗೆ ಮೂರು ನಾಲ್ಕು ದೊಡ್ಡ ಚಮಚ ಉಪ್ಪು ಕರಗಿಸಿದರೆ ತೇಲುತ್ತದೆ. ಅರ್ಧ ಲೋಟ ಉಪ್ಪುನೀರಿನ ಮೇಲೆ ಚಮಚದ ಬೆನ್ನಿಗೆ ತಾಗಿಸಿ ನಿಧಾನವಾಗಿ ಸಿಹಿನೀರು ಸುರಿದರೆ ಮೊಟ್ಟೆ ನಟ್ಟನಡುವೆ ನಿಲ್ಲುತ್ತದೆ. ಹಳೆಯ ಮೊಟ್ಟೆ ಸಿಕ್ಕರೆ ಅದನ್ನೂ ಬಿಟ್ಟು ನೋಡಿ: ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ನೀರಿನ ಅಂಶ ಆವಿಯಾಗಿ, ಗಾಳಿಯ ಜಾಗ ದೊಡ್ಡದಾಗಿ, ಉಪ್ಪಿಲ್ಲದೆಯೇ ಅದು ಮೇಲೆದ್ದು ನಿಲ್ಲಬಹುದು. ತೇಲಿದ ಮಾತ್ರಕ್ಕೆ ಕೊಳೆತಿದೆ ಎಂದರ್ಥವಲ್ಲ, ಹಳೆಯದು ಎಂದಷ್ಟೇ.

ಉತ್ತರ 3

ಬೇಯಿಸಿದ್ದು ಯಾವುದು, ಹಸಿಯದು ಯಾವುದು ಎಂದು ಒಡೆಯದೆ ಪತ್ತೆಹಚ್ಚುವುದನ್ನು ಮರೆಯಬೇಡಿ. ಎರಡನ್ನೂ ಮೇಜಿನ ಮೇಲೆ ತಿರುಗಿಸಿ, ಬೆರಳಿಂದ ಒಂದು ಕ್ಷಣ ತಡೆದು ಬಿಡಿ. ಬೆಂದದ್ದು ನಿಂತುಬಿಡುತ್ತದೆ, ಹಸಿಯದು ಮತ್ತೆ ತಿರುಗತೊಡಗುತ್ತದೆ, ಏಕೆಂದರೆ ನಿಂತದ್ದು ಚಿಪ್ಪು ಮಾತ್ರ, ಒಳಗಿನ ದ್ರವ ಜಡತ್ವದಿಂದ ಸುತ್ತುತ್ತಲೇ ಇರುತ್ತದೆ. ಬೆಂದ ಮೊಟ್ಟೆಯನ್ನು ಜೋರಾಗಿ ತಿರುಗಿಸಿದರೆ ಅದು ತುದಿಯ ಮೇಲೆ ಎದ್ದು ನಿಲ್ಲುತ್ತದೆ. ಇದರ ಗಣಿತವನ್ನು ಕೀತ್ ಮೊಫಟ್ ಮತ್ತು ಯುಟಕ ಶಿಮೊಮುರಾ 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿದರು: ಮೊಟ್ಟೆಗೂ ಮೇಜಿಗೂ ನಡುವಿನ ಘರ್ಷಣೆಯೇ ಅದನ್ನು ಎಬ್ಬಿಸುವುದು.

ಉತ್ತರ 4

ಬಾಟಲಿಯೊಳಕ್ಕೆ ಮೊಟ್ಟೆ ಇಳಿಸುವ ಪ್ರಯೋಗವನ್ನು ಯಾರಾದರೂ ಸೂಚಿಸುವರೆಂದು ಕಾದಿದ್ದೆ. ಉರಿಯುವ ಕಾಗದ ಹಾಕಿ, ಸುಲಿದ ಬೆಂದ ಮೊಟ್ಟೆಯನ್ನು ಬಾಯಿಗಿಟ್ಟು, ‘ಬೆಂಕಿ ಆಮ್ಲಜನಕವನ್ನು ತಿಂದುಹಾಕಿದ್ದರಿಂದ ಮೊಟ್ಟೆ ಒಳಗೆ ಹೋಯಿತು’ ಎಂದು ವಿವರಿಸುವವರೇ ಹೆಚ್ಚು. ಆ ವಿವರಣೆ ನನಗೆ ಒಪ್ಪಿಗೆಯಿಲ್ಲ. ಉರಿಯುವಾಗ ಮೊಟ್ಟೆ ಬಾಟಲಿಯ ಬಾಯಲ್ಲಿ ಅದುರುವುದನ್ನು ನೋಡಿದರೆ ಬಿಸಿಯಾಗಿ ಹಿಗ್ಗಿದ ಗಾಳಿ ಹೊರಹೋಗುತ್ತಿದೆ ಎಂದು ತಿಳಿಯುತ್ತದೆ. ಬೆಂಕಿ ಆರಿ ಉಳಿದ ಗಾಳಿ ತಣಿದಾಗ ಒಳಗಿನ ಒತ್ತಡ ಕುಸಿಯುತ್ತದೆ, ಹೊರಗಿನ ಗಾಳಿ ಮೊಟ್ಟೆಯನ್ನು ಒಳಕ್ಕೆ ತಳ್ಳುತ್ತದೆ.

ಬೆಂಕಿಯೇ ಇಲ್ಲದೆ ಮಾಡಿದರೆ ವಾದಕ್ಕೂ ಉತ್ತರ, ಮಕ್ಕಳಿಗೂ ಕ್ಷೇಮ. ಮೊಟ್ಟೆಗಿಂತ ತುಸು ಸಣ್ಣ ಬಾಯಿಯ ಗಾಜಿನ ಬಾಟಲಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಿಂದ, ಆಮೇಲೆ ಬಿಸಿನೀರಿನಿಂದ ದೊಡ್ಡವರೇ ತೊಳೆದು ಚೆಲ್ಲಲಿ. ಒಮ್ಮೆಲೇ ಕುದಿಯುವ ನೀರು ಹೊಯ್ದರೆ ಗಾಜು ಸೀಳಬಹುದು. ಬಾಯಿಗೆ ಎಣ್ಣೆ ಸವರಿ ಮೊಟ್ಟೆಯಿಟ್ಟು ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಸಾಕು. ಮೊಟ್ಟೆಯನ್ನು ಹೊರತೆಗೆಯುವ ಬಗೆಯನ್ನು ಮಕ್ಕಳಿಗೇ ಸಮಸ್ಯೆಯಾಗಿ ಕೊಡಿ: ಬಾಟಲಿ ಬೋರಲು ಹಿಡಿದು ಮೊಟ್ಟೆ ಬಾಯಿಗೆ ಕೂತ ಮೇಲೆ ಹೊರಗಿನಿಂದ ಬಿಸಿನೀರು ಸುರಿದರೆ ಒಳಗಿನ ಗಾಳಿ ಹಿಗ್ಗಿ ಅದನ್ನು ಹೊರಕ್ಕೆ ನೂಕುತ್ತದೆ.

ಉತ್ತರ 5

ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಪ್ರತಿ ಸಲ ಸಾಬೂನಿನಿಂದ ಕೈ ತೊಳೆಸಿ, ಪ್ರಯೋಗಕ್ಕೆ ಬಳಸಿದ್ದನ್ನು ತಿನ್ನಲು ಕೊಡಬೇಡಿ. ಚಿಪ್ಪಿಲ್ಲದ ಮೊಟ್ಟೆಯನ್ನು ಪುಟಿಸಲು ಮಕ್ಕಳು ಹಟ ಹಿಡಿಯುವುದು ಖಂಡಿತ. ದೊಡ್ಡ ತಟ್ಟೆಯೊಳಗೆ, ಒಂದೆರಡು ಅಂಗುಲ ಎತ್ತರದಿಂದ ಮಾತ್ರ ಬಿಡಲು ಹೇಳಿ.