ಮಗುವಿನ ಕಾರ್ ಸೀಟು: ಕೊಳ್ಳುವುದಕ್ಕಿಂತ ಕಟ್ಟುವುದೇ ದೊಡ್ಡ ಕೆಲಸ

ಚೊಚ್ಚಲ ಮಗುವಿನ ನಿರೀಕ್ಷೆಯಲ್ಲಿರುವ ದಂಪತಿಗಳು ಅಮೆರಿಕದ ನಮ್ಮ ಕನ್ನಡ ಬಳಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆ, ‘ಯಾವ ಕಾರ್ ಸೀಟು ಒಳ್ಳೆಯದು?’ ಎಂಬುದು. ಉತ್ತರವಾಗಿ ಬ್ರ್ಯಾಂಡುಗಳ ಹೆಸರುಗಳು, ರಿಯಾಯಿತಿಯ ಕೊಂಡಿಗಳು ಧಾರಾಳವಾಗಿ ಬರುತ್ತವೆ. ಆ ಸೀಟನ್ನು ಕಾರಿಗೆ ಹೇಗೆ ಬಿಗಿಯಬೇಕು, ಮಗುವನ್ನು ಅದರಲ್ಲಿ ಹೇಗೆ ಕೂರಿಸಿ ಪಟ್ಟಿ ಹಾಕಬೇಕು ಎಂಬ ಮಾತು ಮಾತ್ರ ಬರುವುದೇ ಅಪರೂಪ. ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಗುವ ಪ್ರತಿಯೊಂದು ಕಾರ್ ಸೀಟೂ ಎಫ್‌ಎಂವಿಎಸ್‌ಎಸ್ 213 ಎಂಬ ಒಂದೇ ಫೆಡರಲ್ ಮಾನದಂಡಕ್ಕೆ ಒಳಪಟ್ಟಿರಬೇಕು; ಅಗ್ಗದ ಸೀಟಿಗೊಂದು, ದುಬಾರಿ ಸೀಟಿಗೊಂದು ಎಂಬ ನಿಯಮವಿಲ್ಲ. ಹೆಚ್ಚಿನ ಬೆಲೆಗೆ ಸಿಗುವುದು ಬಹುಮಟ್ಟಿಗೆ ಮೆತ್ತನೆಯ ಬಟ್ಟೆ, ಎತ್ತರಕ್ಕೆ ತಕ್ಕಂತೆ ಹೊಂದಿಸುವ ಸೌಕರ್ಯ ಮತ್ತು ಕಾರಿಗೆ ಸುಲಭವಾಗಿ ಬಿಗಿಯುವ ಅನುಕೂಲ. ಇವುಗಳಲ್ಲಿ ಹಣ ಕೊಡಲು ಯೋಗ್ಯವಾದದ್ದು ಕೊನೆಯದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮಗುವಿನ ತೂಕ ಮತ್ತು ಎತ್ತರಕ್ಕೆ ಒಪ್ಪುವ, ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅಲುಗಾಡದೆ ಕೂರುವ, ದಿನವೂ ತಪ್ಪಿಲ್ಲದೆ ಬಳಸಲು ನಿಮ್ಮಿಂದ ಸಾಧ್ಯವಾಗುವ ಸೀಟೇ ನಿಮಗೆ ಒಳ್ಳೆಯ ಸೀಟು.

ಎನ್‌ಎಚ್‌ಟಿಎಸ್‌ಎ, ಅಂದರೆ ಇಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಅಂದಾಜಿನ ಪ್ರಕಾರ, ಕಾರು ಅಪಘಾತಗಳಲ್ಲಿ ಒಂದು ವರ್ಷದೊಳಗಿನ ಶಿಶುಗಳ ಸಾವಿನ ಅಪಾಯವನ್ನು ಕಾರ್ ಸೀಟು ಶೇಕಡ 71ರಷ್ಟೂ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇಕಡ 54ರಷ್ಟೂ ತಗ್ಗಿಸುತ್ತದೆ. ಸಡಿಲವಾಗಿ ಕಟ್ಟಿದ ಸೀಟಿನಿಂದ ಈ ರಕ್ಷಣೆ ಪೂರ್ತಿಯಾಗಿ ದೊರೆಯುವುದಿಲ್ಲ.

ನಮ್ಮ ಮನೆಗಳಲ್ಲಿ ಈ ವಿಷಯ ಬಿಗಡಾಯಿಸುವುದು ಬಾಣಂತನಕ್ಕೆಂದು ಊರಿನಿಂದ ಅಮ್ಮನೋ ಅತ್ತೆಯೋ ಬಂದಾಗ. ಮಗು ಕಾರಿನಲ್ಲಿ ಕಿರುಚಿ ಅಳುತ್ತಿರುತ್ತದೆ. ಪಕ್ಕದಲ್ಲಿ ಕುಳಿತ ಅಜ್ಜಿಯ ಕರುಳು ಚುರ್ ಎನ್ನುತ್ತದೆ. ‘ಇದೇನು ಹಿಂಸೆನೇ ಕೂಸಿಗೆ, ಬಿಚ್ಚಿ ನನ್ನ ತೊಡೆ ಮೇಲೆ ಕೊಡು, ಇನ್ನೈದು ನಿಮಿಷದ ದಾರಿ ತಾನೇ’ ಎನ್ನುತ್ತಾರೆ. ಅವರು ಮೂರು ಮಕ್ಕಳನ್ನು ಹಾಗೆಯೇ ತೊಡೆಯ ಮೇಲೆ ಕೂರಿಸಿಕೊಂಡು ಬೆಳೆಸಿದವರು, ಅವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಲೆಕ್ಕ ಬೇರೆಯೇ ಇದೆ. ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್ ವೇಗದಲ್ಲಿರುವ ಕಾರು ಡಿಕ್ಕಿ ಹೊಡೆದು ಸುಮಾರು ಅರ್ಧ ಮೀಟರ್ ಅಂತರದಲ್ಲಿ ನಿಂತಿತು ಎಂದುಕೊಳ್ಳಿ. ಆ ಕ್ಷಣದಲ್ಲಿ ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಹದಿನೆಂಟು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಏಳು ಕಿಲೋ ತೂಗುವ ಕೂಸನ್ನು ಹಿಡಿದಿಡಲು ಸುಮಾರು 125 ಕಿಲೋ ಭಾರವನ್ನು ತಡೆಯುವ ಕೈಗಳು ಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಹಿಡಿದಿರುವ ದೊಡ್ಡವರು ತಾವೇ ಬೆಲ್ಟ್ ಹಾಕಿರದಿದ್ದರೆ, ಅವರ ಮೈಭಾರವೂ ಮಗುವಿನ ಮೇಲೆಯೇ ಬೀಳುತ್ತದೆ.

ಕೈಯಲ್ಲಿ ಹಿಡಿದರೆ ಮಗು ಕ್ಷೇಮ ಎಂಬುದು ನಮ್ಮ ಊರಿನ ಹಿರಿಯರಲ್ಲಿ ಮಾತ್ರ ಇದ್ದ ನಂಬಿಕೆಯಲ್ಲ. ಮಕ್ಕಳನ್ನು ಕಾರಿನಲ್ಲಿ ಕಡ್ಡಾಯವಾಗಿ ಸುರಕ್ಷಿತ ಸೀಟಿನಲ್ಲಿ ಕೂರಿಸಬೇಕೆಂಬ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದದ್ದು ಟೆನೆಸಿ ರಾಜ್ಯ. ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಪಟ್ಟು ಹಿಡಿದು ಪ್ರಯತ್ನಿಸಿದ್ದರಿಂದ 1977ರಲ್ಲಿ ಅಂಗೀಕಾರವಾದ ಆ ಕಾನೂನು 1978ರ ಜನವರಿಯಲ್ಲಿ ಜಾರಿಗೆ ಬಂತು. ಆದರೆ ತೋಳಿನಲ್ಲಿ ಎತ್ತಿಕೊಂಡ ಮಗುವಿಗೆ ಅದರಲ್ಲಿ ವಿನಾಯಿತಿ ಕೊಡಲಾಗಿತ್ತು. ತೋಳಿನಲ್ಲಿದ್ದ ಮಗುವೇ ಅತಿ ಹೆಚ್ಚಿನ ಅಪಾಯದಲ್ಲಿರುತ್ತದೆ ಎಂದು ಸ್ಯಾಂಡರ್ಸ್ ವಾದಿಸುತ್ತಲೇ ಇದ್ದು, 1981ರಲ್ಲಿ ಆ ವಿನಾಯಿತಿಯನ್ನು ತೆಗೆಸಿದರು. 1985ರ ಹೊತ್ತಿಗೆ ಎಲ್ಲ ಐವತ್ತು ರಾಜ್ಯಗಳಲ್ಲೂ ಇಂತಹ ಕಾನೂನು ಬಂದಿತ್ತು. ಈ ಇತಿಹಾಸವನ್ನು ಮನೆಯ ಹಿರಿಯರಿಗೆ ಹೇಳಿ ನೋಡಿ. ‘ನಿಮಗೆ ಗೊತ್ತಿಲ್ಲ’ ಎನ್ನುವುದಕ್ಕಿಂತ ಅದು ಎಷ್ಟೋ ಮೇಲು. ಇನ್ನೂ ಒಳ್ಳೆಯದೆಂದರೆ, ಹೆರಿಗೆಗೆ ಮುಂಚೆಯೇ ಸೀಟನ್ನು ಕಾರಿಗೆ ಕಟ್ಟಿ, ಅದರಲ್ಲಿ ಒಂದು ಗೊಂಬೆಯನ್ನು ಕೂರಿಸಿ, ಪಟ್ಟಿ ಹಾಕುವುದನ್ನೂ ಬಿಚ್ಚುವುದನ್ನೂ ಅಜ್ಜ ಅಜ್ಜಿಯರ ಕೈಯಲ್ಲೇ ಮಾಡಿಸುವುದು. ತಮ್ಮ ಕೈಯಿಂದ ಮಾಡಿದ ಕೆಲಸಕ್ಕೆ ಅವರು ವಿರೋಧ ಹೇಳುವುದಿಲ್ಲ, ಮುಂದೆ ನಿಮಗಿಂತ ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಾರೆ. ಅಳು ಜೋರಾದರೆ ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಮಗುವನ್ನು ಎತ್ತಿಕೊಂಡು ಸಮಾಧಾನಪಡಿಸಿ, ಮತ್ತೆ ಕಟ್ಟಿ ಹೊರಡಬೇಕು. ತಡವಾದರೆ ಆಗಲಿ.

ಎರಡನೆಯ ಜಟಾಪಟಿ ಮುಖ ಯಾವ ಕಡೆಗಿರಬೇಕು ಎಂಬುದರ ಬಗ್ಗೆ. ಮೊದಲ ಹುಟ್ಟುಹಬ್ಬ ಮುಗಿಯುತ್ತಿದ್ದಂತೆ ಸೀಟನ್ನು ಮುಂದಕ್ಕೆ ತಿರುಗಿಸುವ ಆತುರ ಅನೇಕರಿಗಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಕನಿಷ್ಠ ಎರಡು ವರ್ಷದವರೆಗೆ ಹಿಮ್ಮುಖವಾಗಿಯೇ ಕೂರಿಸಿ ಎಂದಿತ್ತು. 2018ರಲ್ಲಿ ವಯಸ್ಸಿನ ಗಡಿಯನ್ನು ಬಿಟ್ಟು, ಆ ಸೀಟು ಅನುಮತಿಸುವ ಗರಿಷ್ಠ ತೂಕ ಅಥವಾ ಎತ್ತರ ತಲುಪುವ ತನಕ ಸಾಧ್ಯವಾದಷ್ಟು ಕಾಲ ಹಿಮ್ಮುಖವಾಗಿಯೇ ಇರಲಿ ಎಂದು ಸಲಹೆಯನ್ನು ಬದಲಿಸಿತು. ಕಾರಣ ಸರಳವಾಗಿದೆ. ಎಳೆಯ ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ಬಹಳ ದೊಡ್ಡದು ಮತ್ತು ಭಾರ. ಕತ್ತಿನ ಮೂಳೆಗಳ ನಡುವೆ ಇನ್ನೂ ಮೃದ್ವಸ್ಥಿ ಇರುತ್ತದೆ, ಕೀಲುಗಳ ಪಟ್ಟಿಗಳು ಸಡಿಲವಾಗಿರುತ್ತವೆ. ಮುಮ್ಮುಖವಾಗಿ ಕುಳಿತ ಮಗುವಿನ ಮೈಯನ್ನು ಪಟ್ಟಿಗಳು ಹಿಡಿದು ನಿಲ್ಲಿಸುತ್ತವೆ, ತಲೆ ಮಾತ್ರ ಮುಂದಕ್ಕೆ ಜಗ್ಗುತ್ತದೆ, ಆ ಜಗ್ಗುವಿಕೆಯನ್ನೆಲ್ಲ ಕತ್ತೇ ತಾಳಬೇಕು. ಹಿಮ್ಮುಖವಾಗಿದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟಿನ ಚಿಪ್ಪು ಒಟ್ಟಿಗೆ ಆತುಕೊಂಡು ಬಲವನ್ನು ಹಂಚಿಬಿಡುತ್ತದೆ. ಸ್ವೀಡನ್ನಿನಲ್ಲಿ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯ-ಸಂಶೋಧಕರು 1960ರ ದಶಕದಲ್ಲೇ ಹಿಮ್ಮುಖದ ಸೀಟನ್ನು ರೂಪಿಸಿದ್ದರು. ಬಾಹ್ಯಾಕಾಶ ಯಾತ್ರಿಕರು ಬಲವೆಲ್ಲ ಬೆನ್ನಿನ ಮೇಲೆ ಹಂಚಿಹೋಗುವಂತೆ ಒರಗಿ ಕೂರುವ ಕ್ರಮ ಅವರಿಗೆ ಪ್ರೇರಣೆಯಾಗಿತ್ತು. ಆ ದೇಶದಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳನ್ನು ಹೀಗೆಯೇ ಕೂರಿಸುವುದು ರೂಢಿ.

‘ಕಾಲು ಮಡಚಿಕೊಂಡು ಕೂರಬೇಕಲ್ಲ, ನೋಯುವುದಿಲ್ಲವೇ?’ ಎಂಬ ಆತಂಕ ಸಹಜ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬೆಳೆದ ನಮಗಂತೂ ಈ ಆತಂಕ ಇರಬೇಕಾಗಿಲ್ಲ. ಮಕ್ಕಳು ಕಾಲನ್ನು ಮಡಚಿಯೋ ಸೀಟಿನ ಬೆನ್ನಿಗೆ ಚಾಚಿಯೋ ಆರಾಮವಾಗಿ ಕೂರುತ್ತಾರೆ. ಕೈಯಲ್ಲಿ ಎತ್ತಿಕೊಂಡು ಓಡಾಡಬಹುದಾದ ಇನ್‌ಫ್ಯಾಂಟ್ ಸೀಟಿನಲ್ಲಿ ಮಗು ಸಾಮಾನ್ಯವಾಗಿ ತೂಕಕ್ಕಿಂತ ಮೊದಲು ಎತ್ತರದ ಮಿತಿಯನ್ನು ಮೀರುತ್ತದೆ. ಆಗ ಮಾಡಬೇಕಾದದ್ದು, ಹಿಮ್ಮುಖ ಮುಮ್ಮುಖ ಎರಡೂ ರೀತಿಯಲ್ಲಿ ಕಟ್ಟಬಹುದಾದ ಕನ್ವರ್ಟಿಬಲ್ ಸೀಟಿಗೆ ಬದಲಾಯಿಸಿ, ಅದನ್ನೂ ಹಿಮ್ಮುಖವಾಗಿಯೇ ಕಟ್ಟುವುದು. ಮುಂದಿನ ಸೀಟಿನಲ್ಲಿ, ಚಾಲೂ ಇರುವ ಏರ್‌ಬ್ಯಾಗಿನ ಎದುರಿಗೆ, ಹಿಮ್ಮುಖದ ಸೀಟನ್ನು ಎಂದೆಂದಿಗೂ ಇಡಬಾರದು.

ಇನ್ನು ಪಟ್ಟಿ ಹಾಕುವ ಕ್ರಮ. ಇಲ್ಲಿ ನಿಧಾನವಾಗಿ ಓದಿ. ಹಿಮ್ಮುಖದಲ್ಲಿ ಭುಜದ ಪಟ್ಟಿಗಳು ಮಗುವಿನ ಹೆಗಲಿನ ಮಟ್ಟದಿಂದ ಅಥವಾ ಅದಕ್ಕಿಂತ ತುಸು ಕೆಳಗಿನ ಸೀಳಿನಿಂದ ಹೊರಬರಬೇಕು. ಮುಮ್ಮುಖದಲ್ಲಿ ಹೆಗಲಿನ ಮಟ್ಟದಿಂದ ಅಥವಾ ಮೇಲಿನಿಂದ. ಬಕಲ್ ಹಾಕಿ, ಮೊದಲು ಸೊಂಟದ ಬಳಿಯ ಸಡಿಲವನ್ನು ಮೇಲಕ್ಕೆ ಎಳೆದು ತೆಗೆದು, ಆಮೇಲೆ ಮುಂದಿನ ಬಾಲವನ್ನು ಎಳೆದು ಬಿಗಿ ಮಾಡಿ. ನಂತರ ಕಾಲರ್ ಮೂಳೆಯ ಬಳಿ ಪಟ್ಟಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿವುಟಲು ನೋಡಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಇನ್ನೂ ಸಡಿಲವಿದೆ ಎಂದರ್ಥ; ಬೆರಳು ಜಾರಿಹೋದರೆ ಸರಿಯಾಗಿದೆ. ಎದೆಯ ಕ್ಲಿಪ್ಪು ಕಂಕುಳಿನ ಮಟ್ಟದಲ್ಲಿರಬೇಕು. ಹೊಟ್ಟೆಯ ಮೇಲೆ ಇಳಿದರೆ ಪಟ್ಟಿಗಳು ಭುಜದಿಂದ ಜಾರಿ ಮಗು ಹೊರಗೆ ಚಿಮ್ಮುವ ಸಂಭವವಿದೆ. ಕನ್ನಡ ಕೂಟದ ಕಾರ್ಯಕ್ರಮಕ್ಕೆ ರೇಷ್ಮೆ ಲಂಗ, ಜರಿಯ ಕುಪ್ಪಸ ತೊಡಿಸಿ ಹೊರಟ ದಿನ ಇದು ಎಲ್ಲಕ್ಕಿಂತ ಹೆಚ್ಚು ತಪ್ಪುತ್ತದೆ: ಬಟ್ಟೆ ನುಣುಪು, ಪಟ್ಟಿ ಜಾರುತ್ತದೆ, ಸುಕ್ಕಾಗುತ್ತದೆಂದು ಯಾರೂ ಬಿಗಿ ಮಾಡುವುದಿಲ್ಲ. ಅಲಂಕಾರವನ್ನು ಸಭಾಂಗಣಕ್ಕೆ ಹೋದ ಮೇಲೆ ಮಾಡಿ.

ಚಳಿಗಾಲದ ದಪ್ಪ ಜಾಕೆಟ್ಟು ಮೈಮೇಲಿದ್ದಾಗ ಪಟ್ಟಿ ಬಿಗಿಯಾಗಿರುವಂತೆ ಕಾಣುತ್ತದಷ್ಟೇ. ಜಾಕೆಟ್ ಹಾಕಿ ಪಟ್ಟಿ ಬಿಗಿದು, ಅಳತೆಯನ್ನು ಬದಲಾಯಿಸದೆ ಮಗುವನ್ನು ಇಳಿಸಿ, ಜಾಕೆಟ್ ತೆಗೆದು ಮತ್ತೆ ಕೂರಿಸಿ ನೋಡಿ. ಉಳಿದ ಸಡಿಲವನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಡಿಕ್ಕಿಯಾದಾಗ ಜಾಕೆಟ್ಟಿನೊಳಗಿನ ಗಾಳಿಯೆಲ್ಲ ಒತ್ತಿಹೋಗಿ ಅಷ್ಟೂ ಜಾಗ ಖಾಲಿಯಾಗುತ್ತದೆ. ತೆಳುವಾದ ಬೆಚ್ಚನೆಯ ಬಟ್ಟೆ ಹಾಕಿ, ಪಟ್ಟಿ ಬಿಗಿದ ನಂತರ ಮೇಲಿನಿಂದ ಕಂಬಳಿ ಹೊದಿಸಿದರೆ ಸಾಕು. ಅದೇ ರೀತಿ, ಎಣ್ಣೆ ನೀರು ಹಾಕಿ ಬಟ್ಟೆಯಲ್ಲಿ ಸುತ್ತಿಟ್ಟ ಕೂಸನ್ನು ಸುತ್ತಿದಂತೆಯೇ ಸೀಟಿನಲ್ಲಿ ಇಡಲಾಗದು, ಕಾಲುಗಳ ನಡುವೆ ಬಕಲ್ ಬರಲೇಬೇಕು. ತಲೆ ದುಂಡಗಾಗಲೆಂದು ಊರಿನಿಂದ ತಂದ ಸಾಸಿವೆ ದಿಂಬು, ಕತ್ತಿನ ಸುತ್ತ ಇಡುವ ಸಿಂಬೆ, ಅಂಗಡಿಯಲ್ಲಿ ಬೇರೆಯಾಗಿ ಮಾರುವ ಮೆತ್ತೆ, ಇವು ಯಾವುವೂ ಸೀಟಿನೊಳಗೆ ಬೇಡ. ಸೀಟಿನ ಜೊತೆ ಬಂದದ್ದನ್ನು, ತಯಾರಕರು ಒಪ್ಪಿದ್ದನ್ನು ಮಾತ್ರ ಬಳಸಿ. ಮನೆಗೆ ಬಂದ ಮೇಲೆ, ನಿದ್ದೆ ಕೆಡುತ್ತದೆಂದು ಕೂಸನ್ನು ಸೀಟಿನಲ್ಲೇ ಮಲಗಿಸಿಡುವುದೂ ಸರಿಯಲ್ಲ. ಗಲ್ಲ ಎದೆಗೆ ಒತ್ತಿ ಉಸಿರಾಟಕ್ಕೆ ತೊಡಕಾಗಬಹುದು.

ಸೀಟನ್ನು ಕಾರಿಗೆ ಕಟ್ಟಲು ಎರಡು ದಾರಿಗಳಿವೆ: ಕಾರಿನ ಸೀಟ್ ಬೆಲ್ಟ್ ಅಥವಾ 2002ರ ಸೆಪ್ಟೆಂಬರಿನಿಂದ ಹೊಸ ಕಾರುಗಳಲ್ಲಿ ಕಡ್ಡಾಯವಾದ ಲ್ಯಾಚ್ ಕಂಬಿಗಳು, ಅಂದರೆ ಮಗುವಿನ ಸೀಟಿನ ಕೊಕ್ಕೆಗಳನ್ನು ಸಿಕ್ಕಿಸಲು ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿರುವ ಕಂಬಿಗಳು. ಎರಡೂ ಸಮಾನ ಸುರಕ್ಷಿತ. ಎರಡನ್ನೂ ಒಟ್ಟಿಗೆ ಹಾಕಿದರೆ ಇನ್ನೂ ಗಟ್ಟಿ ಎಂದು ಭಾವಿಸಬೇಡಿ, ಕೈಪಿಡಿ ಸ್ಪಷ್ಟವಾಗಿ ಅನುಮತಿಸದಿದ್ದರೆ ಒಂದೇ ಸಾಕು. ಲ್ಯಾಚ್ ಕಂಬಿಗಳಿಗೆ ತೂಕದ ಮಿತಿಯಿದೆ. ಮಗು ಮತ್ತು ಸೀಟಿನ ಒಟ್ಟು ತೂಕ 65 ಪೌಂಡ್, ಅಂದರೆ ಸುಮಾರು 29 ಕಿಲೋ ದಾಟುವ ಹೊತ್ತಿಗೆ ಬೆಲ್ಟಿಗೆ ಬದಲಾಯಿಸಬೇಕು. ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಯಾವ ಕಡೆಗೂ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಮುಮ್ಮುಖವಾಗಿ ಕಟ್ಟುವಾಗ ಬೆನ್ನ ಹಿಂದಿನ ಮೇಲಿನ ಟೆದರ್ ಪಟ್ಟಿಯನ್ನು ಕಾರಿನ ಕೊಕ್ಕೆಗೆ ಸಿಕ್ಕಿಸಲೇಬೇಕು, ಅದು ತಲೆ ಮುಂದಕ್ಕೆ ಚಿಮ್ಮುವ ದೂರವನ್ನು ಕಡಿಮೆ ಮಾಡುತ್ತದೆ. ಅನುಮಾನವಿದ್ದರೆ, ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದ ತಂತ್ರಜ್ಞರು ಅನೇಕ ಊರುಗಳ ಅಗ್ನಿಶಾಮಕ ಠಾಣೆ, ಪೊಲೀಸ್ ಠಾಣೆ, ಆಸ್ಪತ್ರೆಗಳಲ್ಲಿ ಉಚಿತವಾಗಿ ಪರೀಕ್ಷಿಸಿಕೊಡುತ್ತಾರೆ. ಹತ್ತಿರದ ಸ್ಥಳವನ್ನು ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹುಡುಕಿ, ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಿ.

ನಮ್ಮಲ್ಲಿ ಬಟ್ಟೆ, ತೊಟ್ಟಿಲು, ಆಟಿಕೆಗಳು ಮನೆಯಿಂದ ಮನೆಗೆ ದಾಟುವ ಒಳ್ಳೆಯ ರೂಢಿಯಿದೆ. ಕಾರ್ ಸೀಟಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಸೀಟಿನ ಅಡಿಯಲ್ಲೋ ಬೆನ್ನಿನಲ್ಲೋ ತಯಾರಿಕೆಯ ದಿನಾಂಕ ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾಗಿರುತ್ತದೆ. ಬಹುಪಾಲು ಸೀಟುಗಳ ಆಯುಸ್ಸು ಆರರಿಂದ ಹತ್ತು ವರ್ಷ. ಅದು ಅಪಘಾತ ಕಂಡಿದೆಯೇ ಎಂದು ಖಚಿತವಾಗಿ ಹೇಳಬಲ್ಲ ಆಪ್ತರಿಂದಲ್ಲದೆ ಹಳೆಯ ಸೀಟನ್ನು ತೆಗೆದುಕೊಳ್ಳಬೇಡಿ. ಹೊಸದನ್ನು ಕೊಂಡಾಗ ನೋಂದಣಿ ಚೀಟಿಯನ್ನು ತುಂಬಿ ಕಳುಹಿಸಿದರೆ, ದೋಷ ಕಂಡುಬಂದು ಕಂಪನಿ ಹಿಂದಕ್ಕೆ ಕರೆದಾಗ ನಿಮಗೆ ತಿಳಿಸುತ್ತಾರೆ.

ಬೂಸ್ಟರಿನ, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಹೊಂದುವಂತೆ ಮಗುವನ್ನು ಎತ್ತರಿಸುವ ಸೀಟಿನ, ವಯಸ್ಸಿನ ಮಕ್ಕಳನ್ನು ನಾವು ಬೇಗ ದೊಡ್ಡವರನ್ನಾಗಿಸಿಬಿಡುತ್ತೇವೆ. ಕಾರಿನ ಬೆಲ್ಟ್ ದೊಡ್ಡವರ ಅಳತೆಗೆ ಮಾಡಿದ್ದು. ಸಾಮಾನ್ಯವಾಗಿ 4 ಅಡಿ 9 ಇಂಚು, ಅಂದರೆ 145 ಸೆಂಟಿಮೀಟರ್ ಎತ್ತರವಾಗುವ ತನಕ ಅದು ಮಗುವಿನ ಹೊಟ್ಟೆಯ ಮೇಲೂ ಕತ್ತಿನ ಮೇಲೂ ಬೀಳುತ್ತದೆ. ಸೊಂಟದ ಬೆಲ್ಟ್ ತೊಡೆಯ ಬುಡಕ್ಕೆ ಒತ್ತಿ, ಭುಜದ ಬೆಲ್ಟ್ ಎದೆಯ ನಡುವೆ ಹಾದು, ಮಂಡಿ ಸೀಟಿನ ಅಂಚಿನಲ್ಲಿ ಮಡಚಿ, ಪ್ರಯಾಣದುದ್ದಕ್ಕೂ ಹಾಗೆಯೇ ಕೂರಲು ಸಾಧ್ಯವಾದಾಗ ಬೂಸ್ಟರ್ ಬಿಡಬಹುದು. ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ‘ಇವನನ್ನೂ ಸ್ವಲ್ಪ ಮನೆಗೆ ಬಿಟ್ಟುಬಿಡಿ’ ಎಂದು ಯಾರಾದರೂ ಕೇಳಿದರೆ, ಆ ಮಗುವಿಗೆ ತಕ್ಕ ಸೀಟೂ ಬೆಲ್ಟೂ ಇಲ್ಲದಿದ್ದರೆ ಸಂಕೋಚವಿಲ್ಲದೆ ಆಗುವುದಿಲ್ಲ ಎನ್ನಿ. ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬ್ರಿಟನ್ನಿನಲ್ಲಿ ಮಿತಿ 12 ವರ್ಷ ಅಥವಾ 135 ಸೆಂಟಿಮೀಟರ್. ಎಲ್ಲಿಯೇ ಆಗಲಿ ಕಾನೂನು ಹೇಳುವುದು ಕನಿಷ್ಠವನ್ನು ಮಾತ್ರ.

ಊರಿಗೆ ಹೋಗುವವರಿಗೆ ಕೊನೆಯದಾಗಿ ಒಂದು ವಿಷಯ. ವಿಮಾನದಲ್ಲಿ ಬಳಸಬಹುದಾದ ಸೀಟಿನ ಮೇಲೆ ಹಾಗೆಂದು ಕೆಂಪಕ್ಷರದಲ್ಲಿ ಬರೆದಿರುತ್ತದೆ; ಮಗುವಿಗೆ ಪ್ರತ್ಯೇಕ ಟಿಕೆಟ್ ತೆಗೆದು, ವಿಮಾನ ಸಂಸ್ಥೆಯನ್ನು ಮುಂಚಿತವಾಗಿ ವಿಚಾರಿಸಿ. ಭಾರತದಲ್ಲೂ 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವಿದೆ. ಆದರೆ ಅಮೆರಿಕದ ಸೀಟನ್ನು ಅಲ್ಲಿ ಕಟ್ಟುವಾಗ ಒಂದು ತೊಡಕು ಎದುರಾಗುತ್ತದೆ. ಇಲ್ಲಿನ ಕಾರುಗಳ ಹಿಂದಿನ ಬೆಲ್ಟನ್ನು ಸಾಮಾನ್ಯವಾಗಿ ಕೊನೆಯವರೆಗೆ ಎಳೆದು ಬಿಟ್ಟರೆ ಟಿಕ್ ಟಿಕ್ ಎನ್ನುತ್ತಾ ಲಾಕ್ ಆಗುತ್ತದೆ. ಅಲ್ಲಿನ ಬಹುತೇಕ ಕಾರುಗಳ ಬೆಲ್ಟು ಜೋರಾಗಿ ಜಗ್ಗಿದಾಗ ಮಾತ್ರ ಹಿಡಿಯುತ್ತದೆ, ಆದ್ದರಿಂದ ಸೀಟು ಸಡಿಲವಾಗುತ್ತಾ ಹೋಗುತ್ತದೆ. ಸೀಟಿನಲ್ಲೇ ಬೆಲ್ಟ್ ಲಾಕ್ ಇರುವ ಮಾದರಿ ಅಥವಾ ತಯಾರಕರು ಒಪ್ಪಿದ ಲಾಕಿಂಗ್ ಕ್ಲಿಪ್ ಜೊತೆಗಿರಬೇಕು. ಲ್ಯಾಚ್‌ನಂತಹದೇ ಐಸೋಫಿಕ್ಸ್ ಕಂಬಿಗಳಿರುವ ಹೊಸ ಕಾರಾದರೆ ನಿಮ್ಮ ಸೀಟಿನ ಲ್ಯಾಚ್ ಕೊಕ್ಕೆಗಳನ್ನೇ ಅವಕ್ಕೆ ಸಿಕ್ಕಿಸಬಹುದು. ಬಾಡಿಗೆ ಟ್ಯಾಕ್ಸಿಗಳಲ್ಲಿ ಹಿಂದಿನ ಬಕಲ್ಲುಗಳು ಸೀಟ್ ಕವರಿನಡಿ ಹೂತುಹೋಗಿರುವುದುಂಟು. ದೇವನಹಳ್ಳಿಯಲ್ಲಿ ಇಳಿದು ನಡುರಾತ್ರಿಯಲ್ಲಿ ಅದನ್ನು ಹುಡುಕುವ ಪಾಡು ಬೇಡವೆಂದರೆ, ಕಾರು ಗೊತ್ತುಮಾಡುವಾಗಲೇ ಹೇಳಿ ತೆಗೆಸಿಡಿ. ಅಣ್ಣನದೋ ಭಾವನದೋ ಕಾರಿನಲ್ಲಿ ಓಡಾಡುವುದಾದರೆ ಅದರ ಹಿಂದಿನ ಸೀಟಿನ ಬೆಲ್ಟು, ಬಕಲ್ಲು, ಕಂಬಿಗಳ ಚಿತ್ರಗಳನ್ನು ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಂಡು, ಹೊರಡುವ ಮೊದಲೇ ನಿಮ್ಮ ಸೀಟಿನ ಕೈಪಿಡಿಯೊಂದಿಗೆ ಹೋಲಿಸಿ ನೋಡಿ.