ಸಹಾಯ ಬೇಕು: ಆಕ್ಸಿಲರಿ ಲೈಟ್ ರಿಲೇಗೆ ಟ್ರಿಗರ್ ವೈರ್ ಎಲ್ಲಿಂದ ತೆಗೆಯಲಿ?

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಕ್ಯಾನ್ ಬಸ್ (ಬೈಕಿನ ಕಂಪ್ಯೂಟರ್ ಯೂನಿಟ್‌ಗಳು ಪರಸ್ಪರ ಸಂದೇಶ ಕಳಿಸುವ ವೈರ್ ಜಾಲ) ಇರುವ ಹೊಸ ಬೈಕಿಗೆ ಹೆಚ್ಚುವರಿಯಾಗಿ 20 ವ್ಯಾಟಿನ ಎರಡು ಎಲ್‌ಇಡಿ ಲೈಟ್ ಹಾಕುತ್ತಿದ್ದೇನೆ.

ಬ್ಯಾಟರಿ ಪ್ಲಸ್‌ನಿಂದ 7.5 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30ನೇ ಪಿನ್‌ಗೆ, 87ರಿಂದ ಲೈಟಿಗೆ, 85 ಮೈನಸ್‌ಗೆ. ಇಷ್ಟು ಸರಿ ಇದೆ. ರಿಲೇಗೆ ಆನ್ ಆಗುವ ಸಿಗ್ನಲ್ (ಟ್ರಿಗರ್) ಕೊಡುವ ಪಿನ್ 86ಕ್ಕೆ ಬ್ಯಾಟರಿಯಿಂದ ನೇರ ವೈರ್ ಮುಟ್ಟಿಸಿದರೆ ಟಕ್ ಅಂತ ಲೈಟ್ ಹತ್ತುತ್ತದೆ.

ತೊಂದರೆ ಇರುವುದು ಆ 86ರಲ್ಲೇ. ಪಾರ್ಕಿಂಗ್ ಲೈಟ್ ವೈರಿನಿಂದ ಟ್ರಿಗರ್ ಕೊಟ್ಟರೆ ರಿಲೇ ಗಿರ್ರ್ ಅಂತ ನಡುಗುತ್ತದೆ, ಲೈಟ್ ಮಿಣುಕುತ್ತದೆ, ಮೀಟರಿನಲ್ಲಿ ಲ್ಯಾಂಪ್ ಎರರ್ ಬರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಅಲ್ಲಿ 7 ವೋಲ್ಟ್ ಅಷ್ಟೇ. ಪಿಡಬ್ಲ್ಯೂಎಂ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡುತ್ತಾ ಕೊಡುವ ವಿಧಾನ) ಇರಬೇಕು ಅನಿಸುತ್ತದೆ. ರಿಲೇ ಬದಲಿಸಿದೆ. ಮೈನಸ್ ವೈರನ್ನು ಚಾಸಿಯಿಂದ ತೆಗೆದು ಬ್ಯಾಟರಿಗೇ ಕೊಟ್ಟೆ. ಆದರೂ ಅದೇ ಕಥೆ. ಬ್ಯಾಟರಿಯಿಂದ ನೇರ ಸ್ವಿಚ್ ಹಾಕಲು ಮನಸ್ಸಿಲ್ಲ. ಆಫ್ ಮಾಡಲು ಮರೆತರೆ ಬ್ಯಾಟರಿ ಇಳಿದುಹೋಗುತ್ತದೆ ಅಲ್ವಾ?

ಸೀಟಿನ ಕೆಳಗೆ ಒಂದು ಆಕ್ಸೆಸರಿ ಕನೆಕ್ಟರ್ ಇದೆ. ಕೀ ಆನ್ ಮಾಡಿದರೆ ಅದರಲ್ಲಿ 12.4 ವೋಲ್ಟ್ ಅಲುಗಾಡದೆ ನಿಲ್ಲುತ್ತದೆ. 86ಕ್ಕೆ ಅಲ್ಲಿಂದ ವೈರ್ ಎಳೆದರೆ ಸಾಕಾ, ಮತ್ತೆ ಎರರ್ ಬರುತ್ತಾ? ಅಥವಾ ಕ್ಯಾನ್ ಬಸ್ ಕಂಟ್ರೋಲರೇ ಹಾಕಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.